ಸೀಡಿ ಡಬ್ಬಿಯೊಳಗಿನ ಕಪ್ಪು ಕಾಳು

ಬಾಳ್ಳುಪೇಟೆಯ ಕಾಫಿ ವ್ಯಾಪಾರಿ ವೀರಭದ್ರಯ್ಯನವರ ಮಗಳು ಕೃತಿಕಾ ವಿಡಿಯೋ ಗೇಮುಗಳ ಬಗ್ಗೆ ಪತ್ರಿಕೆಗೆ ಬರೆಯುತ್ತಾಳೆ ಎಂಬುದು ಊರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೂ ಊರಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಬೆಂಗಳೂರಿನ ಒಂದು ಕಂಪ್ಯೂಟರ್ ಮಾಸಪತ್ರಿಕೆಯಲ್ಲಿ ಎರಡು ವರ್ಷದಿಂದ ‘ಕೆ.ವಿ.’ ಎಂಬ ಹೆಸರಿನಲ್ಲಿ ಅವಳ ಅಂಕಣ ಬರುತ್ತಿತ್ತು. ಓದುಗರು ‘ಪ್ರಿಯ ಕೆ.ವಿ. ಸಾರ್’ ಎಂದು ಕಾಗದ ಬರೆಯುತ್ತಿದ್ದರು. ಅವಳು ತಿದ್ದಲು ಹೋಗಿರಲಿಲ್ಲ. ಕೆ.ವಿ. ಸಾರ್ ಎಂಬ ಆ ಮನುಷ್ಯ ಅವಳಿಗಿಂತ ಧೈರ್ಯಸ್ಥ. ಯಾರ ಮುಲಾಜೂ ಇಲ್ಲದೆ ಬೈಯಬಲ್ಲವನು. ಅವನು ಬೈದದ್ದನ್ನು ತಂದು ಇವಳ ಮನೆ ಬಾಗಿಲಲ್ಲಿ ಕೇಳುವವರು ಯಾರೂ ಇರಲಿಲ್ಲ.

ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ಎದುರಿನ ಗೇಮ್ ಪಾರ್ಲರಿನಲ್ಲಿ ಹತ್ತಿದ ಚಟ ಅದು. ಓದು ಮುಗಿಸಿ ಬರುವಾಗ ಪಾರ್ಲರಿನವನು ಮಾರಿದ ಹಳೆಯ ಗೇಮ್ ಯಂತ್ರವೊಂದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿ ಊರಿಗೆ ಬಂತು. ತಾಯಿ ಪಾರ್ವತಮ್ಮ ಅದನ್ನು ರೇಡಿಯೋ ಜಾತಿಯದೆಂದು ತಿಳಿದು, ಮೇಲೊಂದು ಕಸೂತಿ ಬಟ್ಟೆ ಹಾಸಿ ಹೂದಾನಿ ಇಟ್ಟರು.

2006ರ ಮೇ ತಿಂಗಳಲ್ಲಿ ಪತ್ರಿಕೆಯ ಸಂಪಾದಕ ಪ್ರತಾಪ್ ಒಂದು ದಪ್ಪ ಡಬ್ಬಿಯಲ್ಲಿ ಎರಡು ಸೀಡಿ ಕಳಿಸಿದ. ಅಮೆರಿಕದಲ್ಲಿ ಗೇಮು ಮಾಡುವವರೆಲ್ಲ ಸೇರುವ ದೊಡ್ಡ ಪ್ರದರ್ಶನ ನಡೆದಿತ್ತು. ಅಲ್ಲಿ ಮಿರಾಕೊ ಎಂಬ ಕಂಪನಿ ಡಿಸೆಂಬರಿನಲ್ಲಿ ಬರಲಿರುವ ತನ್ನ ಹೊಸ ಯಂತ್ರವನ್ನು ವೇದಿಕೆಯ ಮೇಲೆ ತೋರಿಸಿತ್ತು. ಲೋಕವೆಲ್ಲ ಹೊಗಳುತ್ತಿದೆ, ನೀನು ನೋಡಿ ನಿನಗನ್ನಿಸಿದ್ದು ಬರೆ, ಶುಕ್ರವಾರ ಅಂಕಣವೂ ಸೀಡಿಯೂ ಕೊರಿಯರಿಗೆ ಬೀಳಲಿ ಎಂದು ಪ್ರತಾಪ್ ಫೋನಿನಲ್ಲಿ ಹೇಳಿದ್ದ.

ಸೀಡಿ ಬಂದ ಮಂಗಳವಾರವೇ ಮನೆಯಲ್ಲಿ ಸ್ಯಾಂಪಲ್ ತೆಗೆಯುವ ಕೆಲಸವೂ ಇತ್ತು. ಹೆಗ್ಗದ್ದೆ ಕಡೆಯ ಸಣ್ಣ ಬೆಳೆಗಾರರಿಂದ ಕೊಂಡ ಕಾಫಿಯನ್ನು ಸಿಪ್ಪೆ ಬಿಡಿಸಿ, ಇಪ್ಪತ್ತನಾಲ್ಕು ಮೂಟೆ ಕಟ್ಟಿ, ಮನೆಗೆ ಅಂಟಿಕೊಂಡ ಸ್ಟೋರಿನಲ್ಲಿ ಪೇರಿಸಿಟ್ಟಿದ್ದರು. ಹಾಸನದ ಸಾಹುಕಾರ ಬಸವಯ್ಯ ಮೂವತ್ತು ವರ್ಷದಿಂದ ಈ ಮನೆಯ ಮಾಲನ್ನು ಕಣ್ಣಲ್ಲಿ ನೋಡದೆ ಕೊಳ್ಳುತ್ತಿದ್ದರು. ಒಂದು ಕೆಜಿಯ ಸ್ಯಾಂಪಲ್ ಚೀಲ ಬಸ್ಸಿನಲ್ಲಿ ಹೋಗುತ್ತಿತ್ತು, ಆಮೇಲೆ ಲಾರಿ ಬರುತ್ತಿತ್ತು. ಬೇರೆಯವರ ಸ್ಟೋರಿನಲ್ಲಿ ಸಾಹುಕಾರರ ಆಳು ಗುಂಡಯ್ಯ ಮೊನಚು ತುದಿಯ ಟೊಳ್ಳು ಕಬ್ಬಿಣದ ಕೊಳವೆಯಿಂದ ಮೂಟೆಗಳನ್ನು ಚುಚ್ಚಿ, ಒಳಗಿನ ಕಾಳು ಹೊರಗೆ ತೆಗೆದು ಸ್ಯಾಂಪಲಿನ ಜೊತೆ ತಾಳೆ ನೋಡುತ್ತಿದ್ದ. ಇಲ್ಲಿಗೆ ಬಂದಾಗ ಮಾತ್ರ ಕೊಳವೆಯನ್ನು ಲಾರಿಯ ಸೀಟಿನ ಕೆಳಗೇ ಬಿಟ್ಟು ಇಳಿದು, ಕಾಫಿ ಕುಡಿದು, ಲೋಡ್ ಮಾಡಿಸಿಕೊಂಡು ಹೋಗುತ್ತಿದ್ದ. ವೀರಭದ್ರಯ್ಯನವರಿಗೆ ಆಸ್ತಿ ಅಂತ ಇದ್ದದ್ದು ಆ ನಂಬಿಕೆಯೊಂದೇ. ಸ್ಯಾಂಪಲ್ ಅಂದರೆ ಮೂಟೆಯ ಮುಖ, ಮುಖ ತೊಳೆದು ಕಳಿಸಬಾರದು ಎಂದು ಅವರು ಹೇಳುತ್ತಿದ್ದರು.

ಅವರ ಕ್ರಮವೂ ಹಾಗೇ. ಪ್ರತಿ ಮೂಟೆಯ ಬಾಯಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು, ಬಟ್ಟೆಯ ಮೇಲೆ ಸುರಿದು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದದ್ದನ್ನು ಮತ್ತೆ ಕಲಸಿ, ಹೀಗೆ ಒಂದು ಕೆಜಿ ಉಳಿಯುವವರೆಗೆ. ಕೊನೆಗೆ ಕಲ್ಲೋ ಮೊಳೆಯೋ ಬಿದ್ದಿದೆಯೇ ಎಂದು ನೋಡಬೇಕು. ಕಾಳನ್ನು ಮಾತ್ರ, ಕಪ್ಪಿರಲಿ ಒಡಕಿರಲಿ, ಆರಿಸಬಾರದು. ಎರಡು ವರ್ಷದಿಂದ ಈ ಕೆಲಸ ಕೃತಿಕಾಳದು.

ನಾಲ್ಕು ಗಂಟೆಗೆ ಕರೆಂಟು ಹೋಗುವುದಿತ್ತು. ಸ್ಯಾಂಪಲಿನ ಕೊನೆಯ ಕೆಜಿ ತಟ್ಟೆಗೆ ಬಂದಾಗ ಎರಡೂವರೆ. ಅವಳು ತಟ್ಟೆಯನ್ನು ಹಾಗೇ ಎತ್ತಿಕೊಂಡು ಒಳಗೆ ಬಂದು, ತೊಡೆಯ ಮೇಲಿಟ್ಟುಕೊಂಡು, ಟೀವಿಯ ಮುಂದೆ ಕೂತಳು. ಸೀಡಿ ಓಡತೊಡಗಿತು.

ಕಪ್ಪು ಅಂಗಿಯ ಮನುಷ್ಯನೊಬ್ಬ ವೇದಿಕೆಗೆ ಬಂದು, ಏನೂ ಹೇಳುವ ಮೊದಲೇ ಚಪ್ಪಾಳೆ ಗಿಟ್ಟಿಸಿದ. ಹಳೆಯ ಯಂತ್ರಕ್ಕಿಂತ ಹೊಸದು ಎಷ್ಟು ಪಟ್ಟು ಬಲಶಾಲಿ ಎಂದು ತೋರಿಸಲು ಎರಡು ಕಂಬಗಳ ಚಿತ್ರ ಬಂತು. ಒಂದು ಗಿಡ್ಡ, ಒಂದು ಉದ್ದ. ಯಾವುದನ್ನು ಅಳೆದ ಕಂಬ ಎಂದು ಎಲ್ಲೂ ಬರೆದಿರಲಿಲ್ಲ. ಯಂತ್ರ ಮೂರು ಬಣ್ಣದಲ್ಲಿ ಬರುತ್ತದೆ ಎಂದಾಗ ಜನ ಎದ್ದು ನಿಂತರು. ಬಣ್ಣಕ್ಕೆ ಎದ್ದು ನಿಲ್ಲುವ ಜನ ಇನ್ನು ಕುದುರೆಗೆ ಏನು ಮಾಡಿಯಾರು ಎಂದು ಕೃತಿಕಾ ಅಂದುಕೊಂಡಳು. ಯಾಕೆಂದರೆ ಕೊನೆಗೆ ಬಂದದ್ದು ಕುದುರೆಯೇ.

ಮಳೆ ಸುರಿಯುವ ಬೆಟ್ಟದ ಹುಲ್ಲಿನಲ್ಲಿ ಒಂದು ಕುದುರೆ ಓಡಿತು. ಹುಲ್ಲಿನ ಎಸಳು ಎಸಳೂ ಬೇರೆಬೇರೆಯಾಗಿ ಬಾಗುತ್ತಿತ್ತು. ಕಪ್ಪು ಅಂಗಿಯವನು ಕೈಯಲ್ಲಿ ಗುಂಡಿಗಳ ಹಿಡಿಕೆ ಹಿಡಿದು ತಾನೇ ಆಡುತ್ತಿರುವುದಾಗಿ ಹೇಳಿದ. ಕುದುರೆ ಹಳ್ಳವೊಂದನ್ನು ಹಾರಿತು. ಸಭೆಯೆಲ್ಲ ಕುದುರೆಯನ್ನು ನೋಡುತ್ತಿದ್ದಾಗ ಇವಳು ಅವನ ಹೆಬ್ಬೆರಳನ್ನು ನೋಡಿದಳು. ಆಡುವವರ ಕಣ್ಣು ಹೋಗುವುದೇ ಅಲ್ಲಿಗೆ. ಹೆಬ್ಬೆರಳು ಒತ್ತುವ ಮೊದಲೇ ಕುದುರೆ ನೆಲ ಬಿಟ್ಟಿತ್ತು. ಹಿಂದಕ್ಕೆ ಓಡಿಸಿ ನೋಡಿದಳು, ಮತ್ತೆ ನೋಡಿದಳು. ಇನ್ನೊಂದು ಕಡೆ ಅವನು ಬೆವರು ಒರೆಸಿಕೊಳ್ಳಲು ಹಿಡಿಕೆಯಿಂದ ಒಂದು ಕೈ ತೆಗೆದಿದ್ದ. ಆಗಲೂ ಕುದುರೆ ಬಂಡೆಯನ್ನು ಸುತ್ತಿಕೊಂಡು ಅಚ್ಚುಕಟ್ಟಾಗಿ ಹೋಯಿತು. ಅದು ಆಟವಲ್ಲ, ಮೊದಲೇ ತಯಾರಿಸಿಟ್ಟ ಸಿನಿಮಾ. ಅವಳಿಗೆ ಭಾರೀ ಖುಷಿಯಾಯಿತು. ಇನ್ನೊಬ್ಬರ ಹುಳುಕು ಸಿಕ್ಕಾಗ ಆಗುವ ಖುಷಿಗೆ ನಾಚಿಕೆ ಇರುವುದಿಲ್ಲ. ಮುಕ್ಕಾಲು ಗಂಟೆ ಅವಳು ಆ ಕುದುರೆಯನ್ನು ಬಿಡಲಿಲ್ಲ. ಕರೆಂಟು ಹೋದ ಮೇಲೆ ಎದ್ದು, ತಟ್ಟೆಯ ಕಾಳನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಅಪ್ಪನ ಹೆಸರಿನ ಚೀಟಿ ಕಟ್ಟಿದಳು. ಚೀಲ ಮರುದಿನ ಬೆಳಿಗ್ಗೆ ಕಂಡಕ್ಟರನ ಕೈಯಲ್ಲಿ ಹಾಸನಕ್ಕೆ ಹೋಯಿತು.

ಅಂಕಣವನ್ನು ಬುಧವಾರ ಒಂದೇ ಉಸಿರಿನಲ್ಲಿ ಬರೆದಳು. ಕುದುರೆಗೇ ಮೂರು ಪುಟ. ಕೊನೆಯ ಸಾಲು ಅವಳಿಗೆ ಬಹಳ ಹಿಡಿಸಿತು: “ನಮ್ಮೂರಲ್ಲಿ ಕಾಳು ಆರಿಸಿ ಸ್ಯಾಂಪಲ್ ಕಳಿಸಿದರೆ ಮೋಸ ಎನ್ನುತ್ತಾರೆ. ಅಮೆರಿಕದಲ್ಲಿ ಚಪ್ಪಾಳೆ ತಟ್ಟುತ್ತಾರೆ.”

ಗುರುವಾರ ಬಸವಯ್ಯನವರ ಫೋನು ಬಂತು. ಈ ಸಲದ ಮಾಲು ಹಿಂದೆಂದೂ ಇಲ್ಲದಷ್ಟು ಚೊಕ್ಕವಾಗಿದೆ, ಇದೇ ಸ್ಯಾಂಪಲನ್ನು ಸೋಮವಾರ ಮಂಗಳೂರಿನ ರಫ್ತಿನವರಿಗೆ ತೋರಿಸುತ್ತೇನೆ ಎಂದರು. ವೀರಭದ್ರಯ್ಯ ಹೊಗಳಿಕೆಗೆ ಉಬ್ಬುವ ಪೈಕಿಯವರಲ್ಲ. ಆದರೂ ಅವತ್ತು ಊಟಕ್ಕೆ ಕೂತಾಗ, ಬಸವಯ್ಯ ಹೇಳಿದ್ದನ್ನು ಹೆಂಡತಿಗೆ ಎರಡು ಸಲ ಹೇಳಿದರು.

ಶುಕ್ರವಾರ ಬೆಳಿಗ್ಗೆ ಕೃತಿಕಾ ಸೀಡಿಗಳನ್ನು ಕೊರಿಯರಿಗೆ ಕಟ್ಟಲೆಂದು ಡಬ್ಬಿ ಹುಡುಕಿದಳು. ಡಬ್ಬಿ ಟೀವಿಯ ಮುಂದೆ, ಅವಳು ಕೂತಿದ್ದ ಜಾಗದ ಬಲಗಡೆ ನೆಲದ ಮೇಲೆ, ಬಾಯಿ ತೆರೆದುಕೊಂಡೇ ಬಿದ್ದಿತ್ತು. ಅದರ ತುಂಬ ಕಪ್ಪು ಕಾಳು, ಒಡಕು ಕಾಳು. ಒಂದು ಹಿಡಿಗೆ ಕಡಿಮೆಯಿರಲಿಲ್ಲ.

ಯಾರೋ ಇಟ್ಟಿದ್ದಾರೆ ಎಂದುಕೊಳ್ಳಲು ಅವಳು ಕ್ಷಣಮಾತ್ರ ಪ್ರಯತ್ನಿಸಿದಳು. ಆದರೆ ಆ ರಾಶಿಯ ಆಕಾರ ಅವಳಿಗೆ ಗೊತ್ತಿತ್ತು. ಎಂಟನೆಯ ವಯಸ್ಸಿನಿಂದ ಪ್ರತಿ ಬೇಸಿಗೆ ರಜೆಯಲ್ಲಿ ಸ್ಟೋರಿನ ಅಂಗಳದಲ್ಲಿ ಕೂಲಿಯ ಈರಮ್ಮನ ಪಕ್ಕ ಕೂತು ಕಾಳು ಆರಿಸಿದವಳು ಅವಳು. ಕಣ್ಣು ಎಲ್ಲಾದರೂ ಇರಲಿ, ಬೆರಳು ಕಾಳಿನ ಮೇಲಿರಲಿ ಎಂದು ಈರಮ್ಮ ಕಲಿಸಿದ್ದಳು. ಹೆಂಗಸರು ಮದುವೆ, ಬಾಣಂತನ, ಜಗಳ ಎಲ್ಲ ಮಾತಾಡುತ್ತಲೇ ಇರುತ್ತಿದ್ದರು. ಬೆರಳುಗಳು ತಮ್ಮಷ್ಟಕ್ಕೆ ಕಪ್ಪನ್ನು ಬಲಗಡೆಗೆ ತಳ್ಳುತ್ತಿದ್ದವು. ಮಂಗಳವಾರ ಮಧ್ಯಾಹ್ನ ಅವಳು ಮಿರಾಕೊದವನ ಹೆಬ್ಬೆರಳನ್ನು ಕಾಯುತ್ತಿದ್ದಾಗ, ಅವಳ ಹೆಬ್ಬೆರಳನ್ನು ಕಾಯುವವರು ಯಾರೂ ಇರಲಿಲ್ಲ.

ಮೇಜಿನ ಮೇಲೆ ಅಂಕಣ ಬಿಚ್ಚಿಕೊಂಡೇ ಇತ್ತು. ಕೊನೆಯ ಸಾಲನ್ನು ಅವಳು ಮತ್ತೆ ಓದಿದಳು. ಸುಮ್ಮನಿದ್ದುಬಿಟ್ಟರೆ ಅಪ್ಪನ ಮೂವತ್ತು ವರ್ಷದ ಹೆಸರು ಸೋಮವಾರ ಮಂಗಳೂರಿನಲ್ಲಿ ಸುಳ್ಳಾಗುತ್ತಿತ್ತು. ಹೇಳಿದರೆ ಇವತ್ತೇ ಆಗುತ್ತಿತ್ತು.

ಅವಳು ಡಬ್ಬಿಯನ್ನು ಹಾಗೇ ಹಿಡಿದು ಸ್ಟೋರಿಗೆ ಹೋಗಿ ಅಪ್ಪನ ಮುಂದೆ ಇಟ್ಟು, ಟೀವಿ ನೋಡುತ್ತ ಕೈ ತಾನಾಗಿ ಕಾಳು ಆರಿಸಿಬಿಟ್ಟಿತೆಂದು ಹೇಳಿದಳು. ವೀರಭದ್ರಯ್ಯ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಉಗಿದು, ಮೂಟೆಗಳ ಕಡೆ ನೋಡಿದರು. ಹಿಂದೆಯೇ ಬಂದ ಪಾರ್ವತಮ್ಮ, ಇಪ್ಪತ್ತನಾಲ್ಕು ಮೂಟೆಯಲ್ಲಿ ಒಂದು ಹಿಡಿ ಯಾರ ಕಣ್ಣಿಗೆ ಕಾಣುತ್ತದೆ ಎಂದರು. ಕೃತಿಕಾಳಿಗೂ ಒಂದು ಉಪಾಯ ಹೊಳೆದಿತ್ತು. ಸ್ಯಾಂಪಲ್ ಬಸ್ಸಿನಲ್ಲಿ ನೆನೆದಿತ್ತಂತೆ ಎಂದು ಹೇಳಿ ಹೊಸದೊಂದು ಕಳಿಸಿದರೆ ಆಗದೇ ಎಂದಳು.

“ಅದು ನೆಂದಿರ್ಲಿಲ್ವಲ್ಲ” ಎಂದರು ಅಪ್ಪ. ಆಮೇಲೆ, “ಕಾಗ್ದ ತಗಂಬಾ. ಈ ಕಾಳ್ನೂ ಒಂದು ಪೊಟ್ಣ ಕಟ್ಟು. ಹತ್ತೂವರೆ ಬಸ್ಸಿಗೆ ಹೋಗ್ಲಿ” ಎಂದರು.

ಕುದುರೆಯ ಮೇಲೆ ಮೂರು ಪುಟ ಬರೆದವಳಿಗೆ ಎರಡು ಸಾಲಿನ ಚೀಟಿ ಬರೆಯಲು ಅರ್ಧ ಗಂಟೆ ಬೇಕಾಯಿತು. ಮೊದಲ ಸಲ ‘ಅಚಾತುರ್ಯದಿಂದ’ ಎಂದು ಬರೆದಳು. ಅಪ್ಪ ಆ ಪದ ಬೇಡ ಎಂದರು. ಎರಡನೆಯ ಸಲ ‘ಕಾರಣಾಂತರಗಳಿಂದ’ ಬಂತು, ಅದೂ ಹೋಯಿತು. ಮೂರನೆಯ ಸಲ ಉಳಿದದ್ದು ಇಷ್ಟು: ‘ಈ ಕಾಳುಗಳನ್ನು ನಾವು ಕಳಿಸಿದ ಸ್ಯಾಂಪಲಿನಿಂದ ಆರಿಸಿ ತೆಗೆದಿದ್ದೆವು. ತಿರುಗಿ ಅದರಲ್ಲೇ ಸೇರಿಸಿ ನೋಡುವುದು.’ ಕೆಳಗೆ ತನ್ನ ಹೆಸರು ಬರೆಯಲು ಹೋದಾಗ ಅಪ್ಪ ಪೆನ್ನು ಇಸಿದುಕೊಂಡರು.

“ತಪ್ಪು ನನ್ದು ಅಪ್ಪಾಜಿ” ಎಂದಳು.

“ಮಾಲು ಹೋಗಿರದು ನನ್ನ ಹೆಸ್ರಲ್ಲಿ ಕಣವ್ವ” ಎಂದು ಅವರು ಸಹಿ ಹಾಕಿದರು. ಅವರು ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹಾಸನದಿಂದ ಶನಿವಾರ ಫೋನು ಬರಲಿಲ್ಲ, ಭಾನುವಾರವೂ ಬರಲಿಲ್ಲ. ಪ್ರತಾಪನ ಫೋನು ಮಾತ್ರ ದಿನಕ್ಕೆರಡು ಸಲ ಬರುತ್ತಿತ್ತು. ಅಂಕಣ ಎಲ್ಲಿ ಎಂದು ಕೂಗಾಡುತ್ತಿದ್ದ. ಅವಳು ಏನೋ ಒಂದು ನೆಪ ಹೇಳಿದಳು.

ಮಂಗಳವಾರ ಹನ್ನೊಂದು ಗಂಟೆಗೆ ಲಾರಿ ಬಂತು. ಗುಂಡಯ್ಯ ಇಳಿದ. ಅವನ ಕೈಯಲ್ಲಿ ಕೊಳವೆ ಇತ್ತು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಅಂಗಳದಲ್ಲಿ ನಿಂತ. ಪಾರ್ವತಮ್ಮ ಕೊಟ್ಟ ಕಾಫಿಯನ್ನು ಆಮೇಲೆ ಕುಡಿಯುತ್ತೇನೆ ಎಂದ. ಸಾಹುಕಾರರು ಹೇಳಿಕಳಿಸಿದ್ದಾರೆ, ಬೇಜಾರು ಮಾಡಿಕೊಳ್ಳಬಾರದು ಎಂದು ಏನೇನೋ ಶುರುಮಾಡಿದ.

“ಚುಚ್ಚಪ್ಪ” ಎಂದರು ವೀರಭದ್ರಯ್ಯ.

ಗುಂಡಯ್ಯ ಒಂದೊಂದೇ ಮೂಟೆ ಚುಚ್ಚಿದ. ಕೊಳವೆ ಒಳಗೆ ಹೋದಾಗ ಕಾಳು ಸರಸರ ಎಂದು ಅವನ ಅಂಗೈಗೆ ಇಳಿಯುತ್ತಿತ್ತು. ಚುಚ್ಚಿದ ಮೇಲೆ ಗೋಣಿಯ ಎಳೆ ಸರಿಪಡಿಸಿ ತೂತು ಮುಚ್ಚುವುದು ಚುಚ್ಚಿದವನದೇ ಕೆಲಸ. ಆದರೆ ಅವನು ಮುಂದಿನ ಮೂಟೆಗೆ ಹೋಗುವಷ್ಟರಲ್ಲಿ ವೀರಭದ್ರಯ್ಯ ಹಿಂದೆಯೇ ಬಂದು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಮುಚ್ಚುತ್ತಿದ್ದರು. ಇಪ್ಪತ್ತನಾಲ್ಕನ್ನೂ ಅವರೇ ಮುಚ್ಚಿದರು. ಕೃತಿಕಾ ಸ್ಟೋರಿನ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದಳು. ಒಳಗೆ ಹೋಗಿಬಿಡಬೇಕು ಅನ್ನಿಸಿತ್ತು, ಹೋಗಲಿಲ್ಲ.

ಕಪ್ಪು ಕಾಳು ಸೇರಿಸಿದ ಸ್ಯಾಂಪಲಿಗೂ ಮೂಟೆಗಳಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದು ಗುಂಡಯ್ಯ ಹೇಳಿದ. ಮಾಲು ಹಿಂದಿನ ವರ್ಷದ ದರ್ಜೆಯಲ್ಲೇ ಹೋಗುತ್ತದೆಂದೂ ತಿಳಿಸಿದ. ಹೊರಡುವಾಗ ಕೊಳವೆಯನ್ನು ಸೀಟಿನ ಕೆಳಗಲ್ಲ, ಪಕ್ಕದಲ್ಲಿ ಇಟ್ಟುಕೊಂಡ. ಮುಂದಿನ ವರ್ಷವೂ ಅದು ಇಳಿಯುತ್ತದೆ ಎಂದು ಹೇಳಬೇಕಾಗಿರಲಿಲ್ಲ.

ಲಾರಿ ಹೋದ ಮೇಲೆ ವೀರಭದ್ರಯ್ಯ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ಕೃತಿಕಾ ಅಂಕಣವನ್ನು ತಂದು, ಇಷ್ಟು ದಿನ ಬರೆಯುತ್ತಿದ್ದದ್ದನ್ನೂ ಕುದುರೆಯ ಸಂಗತಿಯನ್ನೂ ಮೊದಲ ಸಲ ಹೇಳಿ, ಕೊನೆಯ ಸಾಲನ್ನು ಓದಿದಳು. ಮೋಸ ಎಂಬ ಮಾತನ್ನು ಹೊಡೆದುಹಾಕಲೇ ಎಂದು ಕೇಳಿದಳು. ಅಲ್ಲೂ ಯಾರದೋ ಬೆರಳು ಅಭ್ಯಾಸಬಲದಿಂದ ಆರಿಸಿರಬಹುದು, ತಾನು ಯಾರು ಹೇಳಲು ಎಂದಳು.

ಅವರು ತಂಬಿಗೆಯನ್ನು ಕೆಳಗಿಟ್ಟರು.

“ಆ ಕುದ್ರೆ ತಂತಾನೇ ಹಾರ್ತು ಅನ್ನದು ಅವ್ರಿಗೆ ಗೊತ್ತೈತಾ?”

“ಗೊತ್ತಿಲ್ದೆ ಏನು ಅಪ್ಪಾಜಿ.”

“ಚೀಟಿ ಬರದ್ರಾ?”

“ಇಲ್ಲ.”

“ಮತ್ತೆ?” ಎಂದು ಅವರು ಪಂಚೆಯ ಅಂಚಿಗೆ ಕೈ ಒರೆಸಿಕೊಂಡರು. ಗೋಣಿ ಉಜ್ಜಿ ಹೆಬ್ಬೆರಳಿನ ತುದಿ ಕೆಂಪಗೆ ಸುಲಿದಿತ್ತು.

ಅವಳು ಆ ಮಾತನ್ನು ಹೊಡೆಯಲಿಲ್ಲ. ಅದರ ಕೆಳಗೆ, ಕಳೆದ ವಾರ ತನ್ನ ಕೈಯಿಂದಲೂ ಇದೇ ಆಯಿತೆಂದು, ಚೀಟಿ ಬರೆದದ್ದನ್ನೂ ಸೇರಿಸಿ, ನಾಲ್ಕು ಸಾಲು ಬರೆದಳು. ಕೊನೆಗೆ ಎಂದಿನಂತೆ ‘ಕೆ.ವಿ.’ ಎಂದು ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ ಬಿಡಿಬಿಡಿಯಾಗಿ ಬರೆದಳು: ಕೃತಿಕಾ ವೀರಭದ್ರಯ್ಯ, ಬಾಳ್ಳುಪೇಟೆ.