ಜಹಾಜಿನ ಬಿಳಿ ಅರಿವೆ

ಅಪ್ಪನ ಹೆಸರು ನರಸಿಂಗ. ನಮ್ಮೂರು ಹಲಬರ್ಗಾದಲ್ಲಿ ಎಲ್ಲರೂ ಕರೆಯುವುದು ಜಹಾಜ ನರಸಿಂಗ ಎಂದು. ಸಮುದ್ರವನ್ನೇ ಕಾಣದ ಊರಲ್ಲಿ ಹಡಗಿನ ಮಾತಾಡಿದರೆ ಸುಳ್ಳು ಹಿಡಿಯುವವರು ಯಾರು? ಮೂತಿಯ ಬಾಗಿಲು ತೆರೆದು ದಂಡೆಗೆ ಟ್ಯಾಂಕುಗಳನ್ನು ಇಳಿಸುವ ಆ ಯುದ್ಧದ ಹಡಗು ಅವನ ಮಾತಿನಲ್ಲಿ ವರ್ಷವರ್ಷ ಉದ್ದವಾಗುತ್ತಲೇ ಹೋಯಿತು. ಅಸಲಿಗೆ ಅವನು ನೌಕಾಪಡೆಯವನೇ ಅಲ್ಲ. ಮುದಿಯಾದ ಹಡಗಿನ ಆಯುಷ್ಯ ಹೆಚ್ಚಿಸುವ ದುರಸ್ತಿಗೆಂದು ಗುತ್ತಿಗೆದಾರನೊಬ್ಬ ಕರೆದೊಯ್ದಿದ್ದ ಆಳು. ಇಂಜಿನ್ ಕೋಣೆಯಲ್ಲಿ ಬಿಸಿಯೇರುವ ಕೊಳವೆಗಳ ಮೇಲಿನ ಹಳೆಯ ಹೊದಿಕೆ ಕೀಳುವುದು ಅವನ ಕೆಲಸವಾಗಿತ್ತು. ಹೇಳುವಾಗ ಮಾತ್ರ ಹಡಗನ್ನು ತಾನೊಬ್ಬನೇ ಬದುಕಿಸಿ ಬಂದವನಂತೆ ಹೇಳುತ್ತಿದ್ದ.

ನಾನು ಹುಟ್ಟುವ ಮುಂಚೆ, ಅಲ್ಲಿಂದ ಬರುವಾಗ ಒಂದು ದಪ್ಪ ಬಿಳಿ ಅರಿವೆಯ ತುಂಡು ತಂದಿದ್ದ. ಬೆಂಕಿಗೆ ಹಾಕಿದರೂ ಸುಡುತ್ತಿರಲಿಲ್ಲ. ಓಣಿಯವರನ್ನೆಲ್ಲ ಕರೆದು, ಕೆಂಡದ ಮೇಲೆ ಇಟ್ಟು ತೋರಿಸಿದ್ದನಂತೆ. ನನ್ನ ಅವ್ವ ಶಾಲುಬಾಯಿಗೆ ಅಪ್ಪ ಜನ್ಮದಲ್ಲಿ ತಂದುಕೊಟ್ಟ ಒಂದೇ ಕಾಣಿಕೆ ಅದು. ಅವ್ವ ಅದರಲ್ಲೇ ಕಾದ ಹಂಚು ಹಿಡಿಯುತ್ತಿದ್ದಳು, ರೊಟ್ಟಿ ಮುಗಿದ ಮೇಲೆ ಅಂಗಳಕ್ಕೆ ಬಂದು ಪಟಪಟ ಜಾಡಿಸುತ್ತಿದ್ದಳು. ಪಕ್ಕದ ಮನೆಯ ಅಂಜನಾಬಾಯಿ ಅರ್ಧ ತುಂಡು ಕೇಳಿದ್ದಕ್ಕೆ ಅವ್ವ ಅವಳ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದಳು.

ಹೋದ ವರ್ಷದಿಂದ ಅವ್ವನಿಗೆ ದಮ್ಮು ಶುರುವಾಯಿತು. ಮದುವೆಯಾಗಿ ಬೀದರಿನಲ್ಲಿದ್ದ ನಾನೇ ಕೊಳಾರದ ಗೋದಾಮಿನ ಕೆಲಸಕ್ಕೆ ರಜೆ ಹಾಕಿ ಅಲ್ಲಿಯ ಆಸ್ಪತ್ರೆಗೆ ಕರೆದೊಯ್ದೆ. ಎದೆಯಿಂದ ನೀರು ತೆಗೆದು, ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದ ಡಾಕ್ಟರು ಕಡೆಗೆ ಹೇಳಿದ್ದು ಇಷ್ಟು: ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಒಳಗೆ ಹೋದವರಿಗೆ ಬರುವ ರೋಗ, ವರ್ಷಗಟ್ಟಲೆ ಆದ ಮೇಲೆ ಕಾಣಿಸಿಕೊಳ್ಳುತ್ತದೆ, ವಾಸಿಯಾಗುವುದಿಲ್ಲ.

“ಯಾವ ಫ್ಯಾಕ್ಟರಿನಾಗ ಕೆಲಸ ಮಾಡೀರಿ ಬಾಯಿ?” ಎಂದು ಕೇಳಿದರು.

ಅವ್ವ ನಕ್ಕಳು. “ನಾ ಭಾಲ್ಕಿ ಸಂತಿ ದಾಟಿದಾಕಿ ಅಲ್ರಿ ಸಾಹೇಬ್ರ. ಹೊಲ, ಒಲಿ, ಮುಗೀತು.”

ಆ ಧೂಳು ಎಲ್ಲಿಂದ ಬಂತೆಂದು ಡಾಕ್ಟರಿಗೇ ತಿಳಿಯಲಿಲ್ಲ. ನಮಗೆ ಹೇಗೆ ತಿಳಿಯಬೇಕು?

ತಿಳಿದದ್ದು ಮೊಬೈಲಿನಿಂದ. ಅಪ್ಪನ ಜೊತೆ ಹಡಗಿನಲ್ಲಿ ಕೆಲಸ ಮಾಡಿದ್ದ ಇರ್ಫಾನ ಕಾಕಾ ಒಂದು ವಿಡಿಯೊ ಕಳಿಸಿದ್ದ. ಅದೇ ಹಡಗಿಗೆ ಮತ್ತೊಮ್ಮೆ ಆಯುಷ್ಯ ಕೊಡುತ್ತಿದ್ದಾರೆ. ಹೊಸ ಇಂಜಿನ್ನು, ಹೊಸ ರಡಾರು, ಮೂತಿಗೆ ಹೊಸ ಬಾಗಿಲು. “ನಿಮ್ಮ ಜಹಾಜ ಇನ್ನಾ ಬದುಕ್ಯದ ನೋಡ್ರಿ” ಎಂದು ಅವ್ವ ಹಾಸಿಗೆಯಿಂದಲೇ ಚುಡಾಯಿಸಿದಳು. ಅಪ್ಪ ನಗಲಿಲ್ಲ. ವಿಡಿಯೊದಲ್ಲಿ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡ ಜನ ಪ್ಲಾಸ್ಟಿಕ್ ಪರದೆಯ ಹಿಂದೆ, ಮೂಗಿಗೆ ದೊಡ್ಡ ಮುಸುಕು ಹಾಕಿ, ನೀರು ಸಿಂಪಡಿಸುತ್ತಾ ಕೊಳವೆಗಳ ಬಿಳಿ ಹೊದಿಕೆ ಬಿಚ್ಚುತ್ತಿದ್ದರು. ಬಿಚ್ಚಿದ್ದನ್ನು ಚೀಲಕ್ಕೆ ಹಾಕಿ ಬಿಗಿಯುತ್ತಿದ್ದರು. ಚೀಲದ ಮೇಲೆ ‘ಕಲ್ನಾರು, ಅಪಾಯ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಪ್ಪನಿಗೆ ಓದಿ ಹೇಳಿದವಳು ನಾನೇ.

ಅವನು ನನ್ನನ್ನು ಹಿತ್ತಲಿಗೆ ಕರೆದ. “ಪ್ರಣಾಲಿ ಮಗಳ, ಅದೇ ಅರಿವಿ ಅದು. ನಾವು ಬನಿಯನ್ ಮ್ಯಾಲೇ ಕಿತ್ತೀವಿ. ನಮಗ ಯಾರೂ ಹೇಳಿಲ್ಲ.” ಆಮೇಲೆ ನನ್ನ ಕೈ ಹಿಡಿದ. “ಅವ್ವಗ ಹೇಳಬ್ಯಾಡ. ನಾ ತಂದಿದ್ದಂತ ಗೊತ್ತಾದ್ರ ಹ್ಯಾಂಗ? ಇದ್ದಷ್ಟು ದಿನ ಹಿಂಗೇ ಇರ್ಲಿ.”

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಆ ಮುಖ ನೋಡಿ ಹೂಂ ಅಂದೆ. ವಿಡಿಯೊದವರು ಮಾಡಿದಂತೆಯೇ ಅಪ್ಪ ಅರಿವೆಯನ್ನು ತೋಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜೋಳದ ಕಣಜದ ಹಿಂದೆ ಇಟ್ಟ.

ಮರುದಿನ ಅವ್ವ ಅದನ್ನೇ ಹುಡುಕತೊಡಗಿದಳು. ನಾನು ಆಗ ಬಸುರಿ. ಮೊದಲ ಕೂಸು.

“ಪ್ರಣಾಲಿ ಬೀದರಕ್ಕ ಹೋಗುವಾಗ ಒಯ್ಯಲಿ. ನನಗ ಇನ್ನ ಯಾಕ ಬೇಕು? ಎಲ್ಲಿ ಇಟ್ಟೀರಿ?”

“ಕಳೀತು” ಎಂದ ಅಪ್ಪ.

“ಇಷ್ಟು ವರ್ಷ ಕಳೀಲಾರದ್ದು ಈಗ ಕಳೀತದೇನು?”

ಗೋಡೆ ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಾ ಮನೆಯೆಲ್ಲ ಜಾಲಾಡಿದಳು. ಕಣಜದ ಹಿಂದೆ ಕೈ ಹಾಕಿ ಚೀಲ ಎಳೆದಳು. “ಮಗಳಿಗಿ ಒಂದು ತುಂಡು ಅರಿವಿ ಕೊಡ್ಲಿಕ್ಕ ಇಷ್ಟು ಜೀವಾ ಹಿಡೀತೀರಿ!” ಎಂದು ಗಂಟು ಬಿಚ್ಚತೊಡಗಿದಳು.

ಅಪ್ಪ ಓಡಿಬಂದು ಕಸಿದುಕೊಂಡ. “ಬಿಚ್ಚಬ್ಯಾಡ ಶಾಲೂ! ಇದೇ ನಿನಗ ತಿಂದದ.”

ಆಮೇಲೆ ನಿಂತಲ್ಲೇ ಎಲ್ಲ ಹೇಳಿದ. ಹಡಗು, ಧೂಳು, ಡಾಕ್ಟರು, ಚೀಲದ ಮೇಲಿನ ಬರಹ. ಹೇಳುತ್ತ ಹೇಳುತ್ತ ಚಿಕ್ಕ ಹುಡುಗನಂತೆ ಅಳತೊಡಗಿದ. ಅವ್ವ ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅಪ್ಪನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು.

“ಇಕಿ ಸಣ್ಣಾಕಿ ಇದ್ದಾಗ ನೆಗಡಿ ಆದಾಗೆಲ್ಲ…” ಉಸಿರು ಸಾಲದೆ ನಿಲ್ಲಿಸಿದಳು. “ಅದನ್ನೇ ಕೆಂಡದ ಮ್ಯಾಲ ಹಿಡದು ಇಕಿ ಎದಿಗಿ ಶೇಕ ಕೊಟ್ಟೀನಲ್ರಿ.”

ಅಪ್ಪನ ಅಳು ಅಲ್ಲಿಗೇ ನಿಂತುಹೋಯಿತು. ಅವ್ವ ನನ್ನನ್ನು ಹತ್ತಿರ ಎಳೆದು, ಸೆರಗು ಸರಿಸಿ, ಎದೆಗೆ ಕಿವಿ ಹಚ್ಚಿದಳು. “ಜೋರಲೇ ಉಸರಾಡವ್ವಾ” ಎಂದಳು. ನಾನು ಉಸಿರಾಡಿದೆ. ಅವಳ ಉಸಿರಿನ ಸದ್ದಿನಲ್ಲಿ ನನ್ನದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. “ಇನ್ನೊಮ್ಮೆ” ಎಂದಳು.