ಹೊಳಲು ಹುರಿಹಿಟ್ಟು, ಒಳಲು ಉರಿಟ್ಟು

ನನ್ನ ಹೆಸರು ಹೊಂಬಾಳಮ್ಮ. ಬರೆಯುವಾಗ ಹೀಗೆ. ನಮ್ಮೂರು ಹೊಳಲಿನಲ್ಲಿ ಆ ಮೊದಲ ಅಕ್ಷರ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಎಲ್ಲರಿಗೂ ನಾನು ಒಂಬಾಳಮ್ಮ. ನಮ್ಮ ಯಜಮಾನರು ಸ್ವಾಮಿ ಮೇಷ್ಟ್ರಿಗೆ ಮಾತ್ರ ಹಕಾರ ಬಿಟ್ಟರೆ ಆಗದು. ಕೆರಗೋಡಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ಮಕ್ಕಳು ‘ಆಲು’ ಅಂದರೆ ‘ಹಾಲು’ ಅನ್ನಿಸದೆ ಮುಂದಿನ ಸಾಲಿಗೆ ಹೋಗುವವರಲ್ಲ. ಮದುವೆಯಾದ ಹೊಸದರಲ್ಲಿ ನನ್ನನ್ನೂ ತಿದ್ದಿದರು. ಬರವಣಿಗೆ ಸರಿಹೋಯಿತು, ಬಾಯಿ ಸರಿಹೋಗಲಿಲ್ಲ.

ಮಗಳು ಅರ್ಪಿತ ಮಂಡ್ಯದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದಳು. ಹೋದ ವರ್ಷ ಅದನ್ನು ಬಿಟ್ಟು ಬಂದು, “ನಿನ್ನ ಹುರಿಹಿಟ್ಟು ಮಾರೋಣ ಕಣಮ್ಮ. ಈಗ ಮನೇಲಿ ಮಾಡೋ ತಾಳ್ಮೆ ಯಾರಿಗೈತೆ?” ಅಂದಳು. ಅವಳು ಹೇಳಿದ್ದು ನಿಜ. ರಾಗಿಯನ್ನು ನೆನೆಸಿ, ನೆರಳಲ್ಲಿ ಆರಿಸಿ, ಕಾದ ಮರಳಿನಲ್ಲಿ ಮಲ್ಲಿಗೆಯ ಹಾಗೆ ಅರಳಿಸಬೇಕು. ಸ್ವಲ್ಪ ಹಸಿಯಿದ್ದರೆ ಅರಳುವುದಿಲ್ಲ, ಹೆಚ್ಚು ಒಣಗಿದರೆ ಕರಕಲು. ಆಮೇಲೆ ಬೀಸಿ, ಜರಡಿ ಹಿಡಿದು, ತಿನ್ನುವಾಗ ಬೆಲ್ಲ, ಕಾಯಿತುರಿ, ಹಾಲು ಹಾಕಿ ಕಲಸಿಕೊಳ್ಳಬೇಕು. ನನ್ನ ಕೈಗೆ ಅದರ ಹದ ಗೊತ್ತು.

ಮನೆಯ ಮುಂದಿನ ಕೋಣೆ ಅಂಗಡಿಯಾಯಿತು. ಮೇಷ್ಟ್ರು ಚೀಟಿಯಲ್ಲಿ ಬರೆದುಕೊಟ್ಟಂತೆ ಪೇಂಟರ್ ಅಂಕಯ್ಯ ‘ಹೊಳಲು ಹುರಿಹಿಟ್ಟು’ ಎಂದು ಬೋರ್ಡು ಬರೆದ. ಅರ್ಪಿತ ಅದೇ ಹೆಸರಿನಲ್ಲಿ ಫೋನಿನಲ್ಲಿ ಪುಟ ತೆರೆದಳು, ಮ್ಯಾಪಿಗೂ ಹಾಕಿದಳು. ನಾನು ಅರಳು ಹುರಿಯುವ ವಿಡಿಯೋಕ್ಕೆ ಎಲ್ಲೆಲ್ಲಿಯವರೋ ಮೆಚ್ಚುಗೆ ಒತ್ತಿದರು. ಆದರೆ ನಮ್ಮ ಸುತ್ತಿನ ಊರುಗಳಿಂದ ಹಿಟ್ಟು ಕೇಳಿಕೊಂಡು ಬರುವವರೇ ಇರಲಿಲ್ಲ. ಪೊಟ್ಟಣಗಳು ಕಟ್ಟಿದ ಹಾಗೇ ಕೂತಿದ್ದವು. ಅಷ್ಟರಲ್ಲಿ ಮಿಲ್ಲಿನ ಸಾಹುಕಾರರ ಫೋನು. “ನಿನ್ನ ಕುರ್ಚಿ ಇನ್ನೂ ಖಾಲಿ ಐತೆ. ಒಂದನೇ ತಾರೀಕು ಬತ್ತೀಯೋ, ಬೇರೆಯೋರ್ನ ನೋಡ್ಲೋ?”

ಅರ್ಪಿತ ಫೋನಿಟ್ಟು ಜರಡಿ ಹಿಡಿಯುತ್ತಾ ಕೂತಳು. “ಈ ತಿಂಗ್ಳು ನೋಡ್ತೀನಮ್ಮ. ಆಗ್ಲಿಲ್ಲ ಅಂದ್ರೆ ಬಾಗ್ಲಾಕ್ಬುಡ್ತೀನಿ,” ಅಂದಳು. ಅವಳ ರೆಪ್ಪೆಯ ಮೇಲೆಲ್ಲ ಹಿಟ್ಟು. ನಾನು ಸೆರಗಿನಲ್ಲಿ ಒರೆಸಿದೆ.

ಅದೇ ವಾರ ಒಂದು ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ನನಗಿಂತ ಬಹಳ ಹಿರಿಯ ಹೆಂಗಸೊಬ್ಬರು ಇಳಿದವರೇ ಬೋರ್ಡು ನೋಡಿ ಸೊಂಟಕ್ಕೆ ಕೈಯಿಟ್ಟರು.

“ಇದೇ ಏನವ್ವ ಉರಿಟ್ಟಿನ ಅಂಗ್ಡಿ? ನಿನ್ ಅಂಗ್ಡಿ ಉಡುಕ್ಕೊಂಡು ಆಸ್ಪತ್ರೆ ಸೇರ್ಬುಟ್ಟಿದ್ನಲ್ಲೇ!”

ನಾನು ಗಾಬರಿಯಾಗಿ ಒಳಗೆ ಕೂರಿಸಿ ನೀರು ಕೊಟ್ಟೆ. ಅವರು ಬೆಸಗರಹಳ್ಳಿಯ ಚಲುವಮ್ಮ. ಮೊಮ್ಮಗಳು ಬಸುರಿ, ಹುರಿಹಿಟ್ಟು ತಿನ್ನಬೇಕೆಂದು ಆಸೆಪಟ್ಟಿದ್ದಳಂತೆ.

“ಒಳಲಲ್ಲಿ ಮಾಡ್ತಾರೆ ಅಂತ ಯಾರೋ ಅಂದ್ರು. ಮೊಮ್ಮಗ್ಳು ಪೋನ್ ಒತ್ಕೊಟ್ಟು, ಮಾತಾಡಜ್ಜಿ, ಅದೇ ದಾರಿ ತೋರುಸ್ತದೆ ಅಂದ್ಲು. ‘ಒಳಲು ಉರಿಟ್ಟು’ ಅಂದೆ. ಮಂಡ್ಯದಲ್ಲಿ ಅದ್ಯಾವ್ದೋ ಮನೆ ತೋರುಸ್ತು. ಅಲ್ಲಿಗೆ ಓದೆ. ನೋಡುದ್ರೆ ಜನ ಸಾಲಾಗಿ ಕುಂತವ್ರೆ. ಎಲಾ ಇವ್ನ, ಉರಿಟ್ಟಿಗೆ ಇಷ್ಟು ಜನವಾ ಅಂತ ನಾನೂ ಕುಂತ್ಕೊಂಡೆ.”

“ಆಮೇಲೆ?”

“ನರ್ಸಮ್ಮ ಬಂದು, ‘ಏನಜ್ಜಿ?’ ಅಂದ್ಲು. ‘ಉರಿಟ್ಟು ಕಣವ್ವ’ ಅಂದೆ. ‘ಎಲ್ಲಿ ಉರಿ?’ ಅಂದ್ಲು. ‘ಎಲ್ಲಿ ಉರುದ್ರೇನವ್ವ, ಅಸೀದು ಇರ್ಬಾರ್ದು ಅಷ್ಟೇಯ’ ಅಂದೆ. ‘ಎಷ್ಟು ದಿನದಿಂದ ಉರಿ?’ ಅಂತಾಳೆ! ಒಟ್ಟೆ ಉರಿಗೆ, ಮೂಲವ್ಯಾಧಿಗೆ ಔಸ್ದಿ ಕೊಡೋ ಡಾಕ್ಟ್ರು ಕಣೇ ಅದು!”

ನನಗೆ ನಗು ತಡೆಯಲಾಗಲಿಲ್ಲ. ಚಲುವಮ್ಮನೂ ಬೊಚ್ಚುಬಾಯಿ ತೆರೆದು ನಕ್ಕರು. “ಆಚ್ಗೆ ಬಂದು ಆಟೋದವನ್ನ ಕೇಳ್ದೆ. ‘ಮೇಷ್ಟ್ರ ಮನೆ ಉರಿಟ್ಟಾ? ಆಟೋ ಅತ್ತಜ್ಜಿ’ ಅಂದ. ಪೋನ್ಗಿಂತ ಅವ್ನೇ ವಾಸಿ.”

ಅರ್ಪಿತ ಮಾತ್ರ ನಗಲಿಲ್ಲ. ಅವರಿಗೆ ಪೊಟ್ಟಣ ಕಟ್ಟಿಕೊಟ್ಟು ಕಳಿಸಿ, ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. “ಅಮ್ಮ, ನಮ್ಮ ಅಂಗಡಿ ಹೆಸರು ಹೇಳು.”

ನಾನು ಗಂಟಲು ಸರಿಮಾಡಿಕೊಂಡು, ಮೇಷ್ಟ್ರು ಕಲಿಸಿದ ಹಾಗೆ ಉಸಿರು ಬಿಟ್ಟು ‘ಹೊಳಲು ಹುರಿಹಿಟ್ಟು’ ಅಂದೆ. ನಮ್ಮ ಅಂಗಡಿ ಬಂತು.

“ಹಂಗಲ್ಲಮ್ಮ. ದಿನಾ ಅನ್ನೋ ತರ ಅನ್ನು.”

“ಒಳಲು ಉರಿಟ್ಟು.”

ಫೋನು ‘ಒಳ ಉರಿ’ ಎಂದು ಬರೆದುಕೊಂಡು ಡಾಕ್ಟರ ವಿಳಾಸ ತೋರಿಸಿತು.

ಅರ್ಪಿತ ಫೋನು ಹಿಡಿದು ಬೀದಿಗಿಳಿದಳು. ನೀರು ಹಿಡಿಯುತ್ತಿದ್ದವರು, ಹಾಲಿನ ಡೈರಿಯ ಮುಂದೆ ನಿಂತವರು, ಎಲ್ಲರಿಂದಲೂ ಹೇಳಿಸಿದಳು. ಎಲ್ಲರನ್ನೂ ಫೋನು ಆಸ್ಪತ್ರೆಗೇ ಕಳಿಸಿತು. ವಾಪಸು ಬಂದಾಗ ಅವಳ ಮುಖ ಅರಳಿತ್ತು. “ಜನ ಬರ್ತಿಲ್ಲ ಅನ್ಕೊಂಡಿದ್ನಲ್ಲಮ್ಮ, ಹುಡುಕ್ತಾವ್ರೆ! ಅವರು ಕೂಗೋ ಹೆಸರಲ್ಲಿ ನಾವಿಲ್ಲ ಅಷ್ಟೇ.”

ಇನ್ನೊಂದು ತೊಡಕಿತ್ತು. ಮ್ಯಾಪಿನಲ್ಲಿ ಹೆಸರು ಬದಲಾಯಿಸಬೇಕಾದರೆ ಬೋರ್ಡಿನಲ್ಲೂ ಅದೇ ಹೆಸರಿರಬೇಕಂತೆ, ಫೋಟೋ ಕೇಳುತ್ತಾರಂತೆ. ಬೋರ್ಡು ಅಂದರೆ ಮೇಷ್ಟ್ರು.

ಸಂಜೆ ಅವರು ಬಸ್ಸಿಳಿದು ಬಂದು, “ಒಂಬಾಳಾ, ನೀರು ಕೊಡು,” ಎನ್ನುತ್ತಾ ಜಗಲಿಯಲ್ಲಿ ಕೂತರು. ಅರ್ಪಿತ ಎಲ್ಲ ವಿವರಿಸಿ, “ಬೋರ್ಡಲ್ಲಿ ‘ಒಳಲು ಉರಿಟ್ಟು’ ಅಂತ್ಲೂ ಬರೆಸ್ಲಾ ಅಪ್ಪ?” ಅಂದಳು.

ಅವರು ಲೋಟ ಕೆಳಗಿಟ್ಟರು. “ನನ್ನ ಹತ್ರ ಓದಿದವರೆಲ್ಲ ಈ ರಸ್ತೆಯಲ್ಲೇ ಓಡಾಡ್ತಾರೆ ಕಣಮ್ಮ. ಮೇಷ್ಟ್ರ ಮನೆ ಬಾಗಿಲಲ್ಲೇ ಹಕಾರ ಬಿದ್ದುಹೋಯ್ತು ಅನ್ನಲ್ವಾ? ಬೇರೆ ಏನಾದ್ರೂ ಮಾಡು. ಅಕ್ಷರ ಕೆಡಿಸಬೇಡ.”

“ಅಕ್ಷರ ಕೆಡ್ಸಲ್ಲಪ್ಪ. ಮೇಲಿರೋದು ಹಂಗೇ ಇರ್ಲಿ. ಜನ ಬಾಯ್ತುಂಬ ಕರೆಯೋದು ಕೆಳಗಿರ್ಲಿ.”

“ಬಾಯಿಗೆ ಬಂದಿದ್ದೆಲ್ಲ ಬರೆಯೋಕಾಗುತ್ತಾ?”

ಅರ್ಪಿತ ಅಪ್ಪನ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಈಗ ಬಂದ ತಕ್ಷಣ ಅಮ್ಮನ್ನ ಏನಂತ ಕರೆದ್ರಿ?”

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಹಾಲನ್ನು, ಹೂವನ್ನು, ಹಸುವನ್ನು ತಪ್ಪದೆ ಕರೆಯುವ ಈ ಮನುಷ್ಯರು ಮದುವೆಯಾದಂದಿನಿಂದ ನನ್ನನ್ನು ಮಾತ್ರ ಒಂಬಾಳ ಎಂದೇ ಕರೆಯುತ್ತಾರೆ. ನನಗೆ ಮೊದಲಿನಿಂದಲೂ ಗೊತ್ತಿತ್ತು. ಹೇಳಿದರೆ ತಿದ್ದಿಕೊಂಡುಬಿಟ್ಟಾರು ಎಂದು ಹೇಳಿರಲಿಲ್ಲ.

ಅವರು ನನ್ನ ಕಡೆ ನೋಡಿದರು. “ಹೌದೇನೇ?”

“ಊಂ,” ಅಂದೆ. “ಇಟ್ಟು ತಣ್ಣಗಾಯ್ತದೆ, ಏಳಿ.”

ಮುದ್ದೆ ಉಂಡ ಮೇಲೆ ಅವರು ಹೊರಗೆ ಹೋಗಿ ತಲೆಯೆತ್ತಿ ಬೋರ್ಡು ನೋಡಿದರು.

ಭಾನುವಾರ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಹೊರಗೆ ಅಂಕಯ್ಯನ ದನಿ ಕೇಳಿ ಬಂದು ನೋಡಿದರೆ, ಮೇಷ್ಟ್ರು ಏಣಿಯ ಮೇಲೆ ನಿಂತು, ಅವನ ಕುಂಚ ಹಿಡಿದು ಹಳೆಯ ಹೆಸರಿನ ಕೆಳಗೆ ತಾವೇ ಬರೆಯುತ್ತಿದ್ದಾರೆ! ಅಂಕಯ್ಯ ಅವರ ಹಳೆಯ ಶಿಷ್ಯ.

“ಇದೇ ಅಕ್ಸರ ಬುಟ್ಟಿದ್ಕೆ ನನ್ನ ಬೆಂಚಿನ್ ಮೇಲೆ ನಿಲ್ಸಿದ್ರಿ ಮೇಷ್ಟ್ರೇ!”

“ಇವತ್ತೂ ನಿಂತ್ಕೊ. ಏಣಿ ಹಿಡ್ಕೊಂಡು,” ಅಂದರು ಅವರು. “ಕಪ್ಪುಹಲಗೆ ಮೇಲೆ ಬರೆಯೋ ಕೈ ಇದು. ಬಿಟ್ಟು ಬರೆದ್ರೂ ದುಂಡಗೆ ಬರೀಬೇಕು.”

‘ಒಳಲು ಉರಿಟ್ಟು.’ ಒಂದೊಂದು ಅಕ್ಷರವೂ ಪೋಣಿಸಿಟ್ಟ ಹಾಗಿತ್ತು. ಅರ್ಪಿತ ಫೋಟೋ ತೆಗೆದು ಕಳಿಸಿದಳು.

ಹೆಸರು ಬದಲಾದ ಮೇಲೆ ಮೊದಲು ಬಂದವರು ಕೆರಗೋಡಿನ ಕಡೆಯವರು, ಆಮೇಲೆ ಮದ್ದೂರಿನ ಕಡೆಯವರು. “ಪೋನ್ಗೆ ಅಂದೆ, ಕರ್ಕೊಂಡು ಬಂತು,” ಎನ್ನುತ್ತಾ ಬೋರ್ಡು ನೋಡಿ ನಗುತ್ತಾರೆ. ಹೊತ್ತು ಮುಳುಗುವುದರೊಳಗೆ ಪೊಟ್ಟಣ ಮುಗಿದು, ನಾನು ಮತ್ತೆ ರಾಗಿ ನೆನೆಹಾಕುತ್ತೇನೆ. ಒಂದನೇ ತಾರೀಕಿಗೆ ಮುಂಚೆಯೇ ಅರ್ಪಿತ ಸಾಹುಕಾರರಿಗೆ ಫೋನು ಮಾಡಿದಳು. “ಬೇರೆಯವರನ್ನ ನೋಡ್ಕೊಳ್ಳಿ ಸಾರ್. ನನಗೆ ಇಲ್ಲಿ ಕೈ ಬಿಡುವಿಲ್ಲ.” ಹಾಗೆ ಹೇಳುವಾಗ ಅವಳ ದನಿಯಲ್ಲಿದ್ದ ಗತ್ತು ಕೇಳಿ, ಅರಳು ಹುರಿಯುತ್ತಿದ್ದ ನನ್ನ ಬೆನ್ನು ತಾನಾಗೇ ನೆಟ್ಟಗಾಯಿತು.

ನಿನ್ನೆ ಸಂಜೆ ಮೇಷ್ಟ್ರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಅತ್ತಿತ್ತ ನೋಡಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ಪಾಠ ಒಪ್ಪಿಸುವ ಹುಡುಗನ ಹಾಗೆ ಮೆಲ್ಲಗೆ ಅಂದರು: “ಒಳಲು ಉರಿಟ್ಟು.”

ಫೋನು ನಮ್ಮ ಮನೆ ತೋರಿಸಿತು. ಅವರ ಮುಖದಲ್ಲಿ ಮೂಡಿದ ನಗುವನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಸದ್ದು ಮಾಡದೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.