ಹಿಲ್ಕೆಯ ಬಗ್ಗಿದ ಬೆನ್ನು

ನೆದರ್‌ಲ್ಯಾಂಡ್ಸಿನ ಫ್ರೀಸ್‌ಲ್ಯಾಂಡಿನ ಆ ಊರಿನಲ್ಲಿ ಗಂಡಸೊಬ್ಬ ಸೊಂಟ ಬಗ್ಗಿಸಿ, ಕೈ ಹಿಂದೆ ಕಟ್ಟಿಕೊಂಡು ನಡೆದರೆ ಹುಷಾರಿಲ್ಲವಾ ಎಂದು ಯಾರೂ ಕೇಳುವುದಿಲ್ಲ. ಕಾಲುವೆ ಹೆಪ್ಪುಗಟ್ಟುವ ಮೊದಲೇ ಸ್ಕೇಟಿಂಗ್‌ಗೆ ಮೈ ಪಳಗಿಸುತ್ತಿದ್ದಾನೆ ಎಂದುಕೊಳ್ಳುತ್ತಾರೆ.

ಹಾಗಾಗಿ ನವೆಂಬರಿನಲ್ಲಿ ಹಿಲ್ಕೆ ಸೊಂಟ ಬಗ್ಗಿಸಿ ನೆಲ ನೋಡುತ್ತ ಬ್ರೆಡ್ ಅಂಗಡಿಗೆ ಬಂದಾಗ ವೊಬ್ಬೆಯ ಹೊಟ್ಟೆಗೆ ಬೆಂಕಿ ಬಿತ್ತು. ಊರ ಸ್ಕೇಟಿಂಗ್ ಪಂದ್ಯವನ್ನು ಹಿಲ್ಕೆ ಹನ್ನೊಂದು ಸಲ ಗೆದ್ದಿದ್ದ. ಹನ್ನೊಂದು ಸಲವೂ ಅವನ ಬೆನ್ನು ನೋಡುತ್ತ ಗೆರೆ ದಾಟಿದವನು ವೊಬ್ಬೆ. ಈಗ ಇಬ್ಬರಿಗೂ ಅರವತ್ತೆಂಟು. ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಿ ವರ್ಷಗಳೇ ಆಗಿದ್ದವು. ಇನ್ನೊಂದು ಪಂದ್ಯ ನಡೆದರೆ ಅದೇ ಕ್ಲೈಮ್ಯಾಕ್ಸ್. ಅದನ್ನಾದರೂ ಹಿಲ್ಕೆಗಿಂತ ಮುಂದೆ ಮುಗಿಸಬೇಕು ಎಂಬುದು ವೊಬ್ಬೆಯ ಹಟ.

ತನಗೆ ಪಾರ್ಕಿನ್ಸನ್ ಬಂದಿದೆ, ಈ ಸಲ ತಾನಿಲ್ಲ ಎಂದು ಹಿಲ್ಕೆ ಅಂಗಡಿಯಲ್ಲೇ ಹೇಳಿದ. ವೊಬ್ಬೆ ಅವನ ಕೈ ನೋಡಿದ. ಕಾಫಿ ಲೋಟ ಅಲ್ಲಾಡಲಿಲ್ಲ. ಪಾರ್ಕಿನ್ಸನ್ ಅಂದರೆ ಕೈ ನಡುಗಬೇಕಲ್ಲ! ಹೊರಗೆ ಬಂದ ಹಿಲ್ಕೆ ಸೈಕಲ್ ಹತ್ತಿ, ಎದುರುಗಾಳಿಯಲ್ಲೂ ಸರಾಗವಾಗಿ ತುಳಿದುಕೊಂಡು ಹೋದ. ನಡೆಯುವಾಗ ಅಷ್ಟು ಕಷ್ಟ, ಸೈಕಲ್ ಮೇಲೆ ಹೀರೋ. ಇದು ಪಕ್ಕಾ ನಾಟಕ ಎಂದು ವೊಬ್ಬೆ ತೀರ್ಮಾನಿಸಿದ. ಎಲ್ಲರೂ ತನ್ನನ್ನು ಮರೆಯಲಿ ಎಂದು ಕಾದು, ಕೊನೇ ದಿನ ಎಂಟ್ರಿ ಕೊಡುವುದು ಹಿಲ್ಕೆಯ ಪ್ಲಾನು.

ಆ ಊರಿನಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ದಾರಿಯಲ್ಲಿ ಹೋಗುವವರು ಒಳಗೆ ಇಣುಕುವುದೂ ಇಲ್ಲ. ಅದು ಮರ್ಯಾದೆ. ವೊಬ್ಬೆ ಆ ಮರ್ಯಾದೆಯನ್ನು ಜೇಬಿಗಿಟ್ಟು, ನಾಯಿ ಇಲ್ಲದಿದ್ದರೂ ನಾಯಿಯ ಬೆಲ್ಟು ಹಿಡಿದು, ಹಿಲ್ಕೆಯ ಮನೆಯ ಮುಂದೆ ದಿನಕ್ಕೆ ಆರು ಸಲ ತಿರುಗಿದ. ನಾಲ್ಕನೇ ದಿನ ಸಾಕ್ಷಿ ಸಿಕ್ಕಿತು. ಅಡುಗೆಮನೆಯಲ್ಲಿ ಎರಡಾಗಿ ಮಡಚಿಕೊಂಡಿದ್ದ ಹಿಲ್ಕೆ ಗೋಡೆಗೆ ಅಂಗೈ ಊರಿದ. ಹಲ್ಲಿಯಂತೆ ಒಂದೊಂದೇ ಕೈ ಮೇಲೆ ಹತ್ತಿಸಿದ. ನೋಡನೋಡುತ್ತ ಹಡಗಿನ ಕಂಬದ ಹಾಗೆ ನೆಟ್ಟಗಾದ.

ವೊಬ್ಬೆ ಹಿಂಬಾಗಿಲಿನಿಂದ ನುಗ್ಗಿದ. "ಸಾಕು ಮಾಡು ಗುರು, ಆಕ್ಟಿಂಗು. ಎಲ್ಲಾ ನೋಡ್ದೆ."

ಹಿಲ್ಕೆಯ ಹೆಂಡತಿ ಬೌಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನಾಯಿ ಎಲ್ಲಪ್ಪಾ, ಹೊರಗೇ ಬಿಟ್ಯಾ?" ಎಂದಳು.

ಹಿಲ್ಕೆ ನಗಲಿಲ್ಲ. ಗೋಡೆಯಿಂದ ಕೈ ತೆಗೆದ. "ಎಣ್ಸು."

ವೊಬ್ಬೆ ನಾಲ್ಕು ಎನ್ನುವಷ್ಟರಲ್ಲಿ ಆ ಬೆನ್ನು ಚಾಕು ಮಡಚಿದಂತೆ ಮುಂದಕ್ಕೆ ಬಿತ್ತು.

"ಬೆನ್ನಿನ ಸ್ನಾಯು ಸೋತಿದೆ ಕಣೋ," ಎಂದ ಹಿಲ್ಕೆ ನೆಲಕ್ಕೆ. "ಮಲಗಿದ್ರೆ ನೆಟ್ಟಗಿರ್ತೀನಿ, ಗೋಡೆ ಹಿಡಿದ್ರೂ ನೆಟ್ಟಗಿರ್ತೀನಿ. ಸೈಕಲ್ಲೂ ಸಲೀಸು. ನಿಂತು ಕೈ ಬಿಟ್ರೆ ಇಷ್ಟೇ. ಈ ಕಾಯಿಲೇಲಿ ಎಲ್ಲರ ಕೈಯೂ ನಡುಗಲ್ಲ."

ವೊಬ್ಬೆಗೆ ಆಗಲೂ ಪೂರ್ತಿ ನಂಬಿಕೆ ಬರಲಿಲ್ಲ. ಮುಂದೆ ಹೋಗಿ ಸ್ವೆಟರಿನ ಮೇಲೆ ಕೈಯಿಟ್ಟ. ಹನ್ನೊಂದು ಪಂದ್ಯಗಳಲ್ಲಿ ಹಿಂದಿನಿಂದ ನೋಡಿ ಬಾಯಿಪಾಠವಾಗಿದ್ದ ಬೆನ್ನು ಅದು. ಕೈಗೆ ಸಿಕ್ಕಿದ್ದು ನಾದಿಟ್ಟ ಹಿಟ್ಟು. ತಾನು ಗೆಲ್ಲಬೇಕಾಗಿದ್ದು ಪಂದ್ಯವನ್ನಲ್ಲ, ಇವನನ್ನು. ಇವನೇ ಇಲ್ಲದ ಮೇಲೆ ಯಾರಿಗಿಂತ ಮುಂದೆ ಹೋಗುವುದು?

ಜನವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತು. ಪಂದ್ಯದ ಬೆಳಗ್ಗೆ ವೊಬ್ಬೆ, ಮಕ್ಕಳನ್ನು ಸಾಲಾಗಿ ಹಿಡಿಸಿಕೊಂಡು ಐಸಿನ ಮೇಲೆ ಎಳೆದೊಯ್ಯುವ ಉದ್ದನೆಯ ಕೋಲನ್ನು ಹೊತ್ತು ತಂದ. ಮುಂತುದಿ ತಾನು ಹಿಡಿದ, ಹಿಂತುದಿ ಹಿಲ್ಕೆಗೆ ಕೊಟ್ಟ. ಸುತ್ತ ಎಲ್ಲರೂ ಬಗ್ಗಿಯೇ ಇದ್ದರು. ಕಾಯಿಲೆಯವನು ಯಾರೆಂದು ದಡದಲ್ಲಿದ್ದವರಿಗೆ ಗೊತ್ತಾಗಲಿಲ್ಲ.

ಎಲ್ಲರಿಗಿಂತ ಕೊನೆಗೆ ಗೆರೆ ದಾಟುವಾಗ ವೊಬ್ಬೆ ಒಂದು ಕೋಲಿನಷ್ಟು ಮುಂದಿದ್ದ. ತಿರುಗಿ ಕಣ್ಣು ಕಿರಿದು ಮಾಡಿದ.

"ಲೋ, ಬೇಕಂತಲೇ ಹಿಂದೆ ಉಳಿದ್ಯಾ?"

"ಸಾಯೋವರೆಗೂ ಅನುಮಾನ ಬಿಡಬೇಡ," ಎಂದ ಹಿಲ್ಕೆ. "ಎಳಿ, ಮನೇಲಿ ಬಟಾಣಿ ಸೂಪು ಆರೋಗುತ್ತೆ."